ಎಂಟು, ಸೊನ್ನೆ

ಶನಿವಾರ ದೀಪ ಹಚ್ಚುವ ಹೊತ್ತಿಗೆ ಉಲ್ಲಾಸ ಶೇಟರು
ತಕ್ಕಡಿ ಒಳಗಿಟ್ಟು, ಮೇಜಿನ ಮೇಲಿನ ಚಿನ್ನದ ಹುಡಿ
ಕುಂಚದಲ್ಲಿ ಕೂಡಿಸಿ ಡಬ್ಬಿಗೆ ತುಂಬಿ
ಕೈ ತೊಳೆದು ಬರುತ್ತಾರೆ.
ಫೋಟೋ ಹೊರಬರುವುದು ಆಮೇಲೆಯೇ.

ನಾವು ನಾಲ್ವರು. ನೌಕಾಪಡೆಯ ಎಂಜಿನ್ನುಗಳ ಹೊಟ್ಟೆಯೊಳಗೆ
ಇಪ್ಪತ್ತೆರಡು ವರ್ಷ ತಲೆ ತೂರಿಸಿದ ಸಾಂತಾನ್ ರೊಡ್ರಿಗಿಸ್;
ಥರ್ಮೊಕೋಲಿನಲ್ಲಿ ರೆಕ್ಕೆ ಕೊಯ್ಯುವ ಐಟಿಐ ಹುಡುಗ ರೋಹಿದಾಸ;
ಶೇಟರು, ಜೊತೆಗೆ ಅವರ ಒಂಟಿಗಣ್ಣಿನ ಭೂತಗನ್ನಡಿ;
ಮತ್ತೆ ನಾನು, ಬಂದರು ಕಚೇರಿಯಲ್ಲಿ
ಮೂವತ್ತು ವರ್ಷ ಉಬ್ಬರ ಇಳಿತದ ಪಟ್ಟಿ ಬರೆದವಳು.

ಕೋಡಿಬಾಗದ ಸ್ಟುಡಿಯೋ ಮುಚ್ಚಿದಾಗ
ಕಿಲೋ ಲೆಕ್ಕದಲ್ಲಿ ಕೊಂಡ ಕಟ್ಟು:
ಮುಂಜಿ, ಮದುವೆ, ಮೀಸೆಯ ಫೌಜುದಾರ,
ಕಣ್ಣು ತೆರೆದಂತೆ ತಿದ್ದಿದ ಸತ್ತ ಮಗು.
ನಡುವೆ ಇದು.
ಕಾಳಿಯ ಅಳಿವೆಯಲ್ಲಿ ನೀರ ಮೇಲೆ ಕೂತ ವಿಮಾನ,
ರೆಕ್ಕೆಯ ಮೇಲೆ ರೆಕ್ಕೆ, ಕಾಲಿಗೆ ಎರಡು ದೋಣಿ,
ಹಿಂದೆ ಮಂಜಿನಲ್ಲಿ ಸದಾಶಿವಗಡದ ಬೆನ್ನು.
ಬಾಲದ ಮೇಲೆ ಕಾಣುವುದು ಎರಡೇ ಅಂಕಿ: ಎಂಟು, ಸೊನ್ನೆ.
ಉಳಿದದ್ದನ್ನು ಮರೆಮಾಡಿ, ಪಾತಿದೋಣಿಯಲ್ಲಿ ನಿಂತವನ ಬೆನ್ನು.
ಕರುವನ್ನು ಹಿಡಿದ ಹಾಗೆ
ಹಗ್ಗ ಹಿಡಿದಿದ್ದಾನೆ ವಿಮಾನಕ್ಕೆ.
ಫೋಟೋದ ಹಿಂಬದಿ ಪೆನ್ಸಿಲಿನಲ್ಲಿ: ಎರಡಾಣೆ ಬಾಕಿ.

ಏಳು ಶನಿವಾರ ಹೋದವು.
ಎಂಬತ್ತರಿಂದ ಶುರುವಾಗುವ ಎಲ್ಲ ನಂಬರು ರೋಹಿದಾಸ ಜಾಲಾಡಿದ,
ಒಂದಕ್ಕೂ ಈ ಮೈಯಿಲ್ಲ.
'ರೆಕ್ಕೆಗಳ ನಡುವೆ ತಂತಿಯೇ ಇಲ್ಲ, ನೋಡಿ, ಓರೆ ಕಂಬ.'
'ಅದಿರಲಿ, ಹತ್ತುವ ಗುಳಿ ಬಲಗಡೆ ಇದೆಯಲ್ಲ,'
ಸಾಂತಾನನಿಗೆ ಅದೇ ಮುಳ್ಳು.
'ವಿಮಾನ ಹತ್ತುವುದು ಎಡದಿಂದ, ಕುದುರೆ ಹತ್ತಿದಂತೆ.
ಇವನು ಯಾವ ಸೀಮೆಯ ಪೈಲಟು?'
ಶೇಟರು ಕನ್ನಡಿ ಕಣ್ಣಿಗೊತ್ತಿಕೊಂಡು ಸುಮ್ಮನಿದ್ದರು.
ನೊರೆ ಹರಿದ ದಿಕ್ಕು ನೋಡಿ ನಾನು
ವಹಿಯಲ್ಲಿ ಬರೆದಿದ್ದೆ, ದಪ್ಪ ಅಕ್ಷರದಲ್ಲಿ:
ಉಬ್ಬರದ ವೇಳೆ.

ಎಂಟನೆಯ ಶನಿವಾರ ದುರ್ಗಿ ಹರಿಕಂತ್ರ
ಮಾರಿ ಉಳಿದ ಬಂಗಡೆಯ ಬುಟ್ಟಿ ಹೊಸ್ತಿಲಲ್ಲಿಟ್ಟು
ಒದ್ದೆ ಕೈ ಹಿಂದೆ ಕಟ್ಟಿಕೊಂಡು ಬಗ್ಗಿದಳು.
ವಿಮಾನ ನೋಡಲಿಲ್ಲ. ಕಲ್ಲು ನೋಡಿದಳು.
'ಬಂಡೆ ಮೊಳದುದ್ದ ಒದ್ದೆ ಅದೆ. ನೀರು ಇಳೀತದೆ.
ಇಳಿಯೂ ನೀರು ಮೂಡಕ್ಕೆ ಹರೀತದಾ ಬಾಯಿ?
ಕಾಳಿ ಯಾವಾಗ ಘಟ್ಟ ಹತ್ತುಕೆ ಹಿಡೀತು?'

ಯಾರೂ ಮಾತಾಡಲಿಲ್ಲ.
ಶೇಟರು ಎದ್ದರು. ಗಿರಾಕಿಗಳು ಕಿವಿಯೋಲೆ ನೋಡಿಕೊಳ್ಳುವ
ಅಂಗೈಯಗಲದ ಕನ್ನಡಿ ತಂದು
ಫೋಟೋದ ಪಕ್ಕ ನಿಲ್ಲಿಸಿದರು.
ಗಡ ತನ್ನ ಮೂಗನ್ನು ಕಡಲಿಗೆ ತಿರುಗಿಸಿತು.
ಗುಳಿಗಳು ಎಡಕ್ಕೆ ಬಂದವು.
ಎಂಟು, ಸೊನ್ನೆಗಳು
ಯಾವ ಕಡೆಯಿಂದ ನೋಡಿದರೂ ತಾವೇ ಆಗಿರುವ ಆ ಸಾಧುಗಳು
ಜಾಗ ಅದಲುಬದಲು ಮಾಡಿಕೊಂಡು ನಿಂತವು.
ಸ್ಟುಡಿಯೋದವನು ನೆಗೆಟಿವ್ ಮಗುಚಿ ಅಚ್ಚು ಹಾಕಿದ್ದ, ಪುಣ್ಯಾತ್ಮ.
ಎಂಬತ್ತರಿಂದ ಶುರುವಲ್ಲ,
ಸೊನ್ನೆ ಎಂಟರಲ್ಲಿ ಕೊನೆ.

ರೋಹಿದಾಸನ ಬೆರಳು ಪಟ್ಟಿಯ ಮೇಲೆ ಓಡಿ ಓಡಿ
ಒಂದು ಕಡೆ ನಡುಗಿತು.
'ಶಾರ್ಕ್,' ಎಂದ ಸಾಂತಾನ್, ಶಿಲುಬೆ ಹಾಕಿಕೊಂಡು,
'ಮುಕ್ಕಾಲು ಪಾಲು ಖಾತ್ರಿ.'
ಅದೊಂದು ಮೀನೆಂದು ತಿಳಿದಾಗ ದುರ್ಗಿಗೆ ನಗು:
'ಕಬ್ಬಿಣದ್ದಕ್ಕೂ ನಮ್ಮ ಬುಟ್ಟಿಯಿಂದಲೇ ಹೆಸರಾ?'

ಉಬ್ಬರ ಎಂಬುದನ್ನು ಹೊಡೆದು ಇಳಿತ ಎಂದು ಬರೆದೆ.
ಮೂವತ್ತು ವರ್ಷ ನಾನು ಅಂಕಿ ಬರೆದದ್ದು
ಕಿಟಕಿಗೆ ಬೆನ್ನು ಹಾಕಿ ಕೂತು, ಆ ಪಾತಿಯವನಂತೆಯೇ.
ಜಾತಿ: ಶಾರ್ಕ್, ಮುಕ್ಕಾಲು. ಜಾಗ: ಕಾಳಿ ಅಳಿವೆ.
ಹಗ್ಗ ಹಿಡಿದವನು: ಇಲ್ಲಿ ಪೆನ್ನು ನಿಂತಿತು.
'ನಿಲ್ಲೂ ರೀತಿ ನೋಡಿದ್ರೆ ಕೋಡಿಬಾಗದವನೇ,' ಎಂದಳು ದುರ್ಗಿ,
'ಮಾಜಾಳಿಯವ್ರು ಕೂತ್ಕಂತ್ರು.'
ಹೆಸರು ಅವಳಿಗೂ ಗೊತ್ತಿಲ್ಲ.
ಆ ಸಾಲು ಖಾಲಿ ಬಿಟ್ಟೆವು.

ಬುಟ್ಟಿ ಎತ್ತಿಕೊಳ್ಳುತ್ತ ನನ್ನ ಕಡೆ ತಿರುಗಿದಳು:
'ಹೋದ ವಾರದ ಇಪ್ಪತ್ತು ರೂಪಾಯಿ ಬಾಕಿ, ಬಾಯಿ.'
ಐವತ್ತರ ನೋಟು ಕೊಟ್ಟೆ. ಚಿಲ್ಲರೆ ಇಲ್ಲ ಅಂದಳು.
ಕಾಗದ ಹುಡುಕಿ
ನಾಲ್ಕು ಬಂಗಡೆ ಸುತ್ತಿಕೊಟ್ಟಳು.