ಬೆನ್ನಿನ ಗೀರು

ಬಾ ತಮ್ಮಾ, ಕೂಡು. ಮಷಿನ್ ಬಂದ್ ಮಾಡ್ತೀನಿ,
ಇಲ್ಲಾಂದ್ರ ಮಾತು ಕೇಳಂಗಿಲ್ಲ.
ಪೆಟ್ಟಿಗಿ ಒಳಗ ಹಾಸಿದ್ದು ಜೀನ್ಸ್ ತುಂಡು,
ಕೌಲ್‌ಬಜಾರದಾಗ ಅದಕ್ಕೇನು ಬರ?

ಎಪ್ಪತ್ತೆರಡನೇ ಇಸ್ವಿ ಜಪಾನ್ ಮಾಲು.
ಮೊದಲು ಕೆನಿ ಬಣ್ಣ ಇತ್ತು,
ಈಗ ಹಳೇ ಪಂಚಾಂಗದ ಹಾಳಿ.
ಒಳಗ ಬೆಸುಗಿ ಬಿದ್ದದ್ದು ಒಂದೇ ಸಲ,
ರೇಡಿಯೋ ದಸ್ತಗಿರಿಗೆ ಕಣ್ಣು ಕಾಣ್ತಿದ್ದಾಗ.

ಬಿಸಿಲಾ? ಈ ಊರಾಗ ಕಬ್ಬಿಣದ ಗೇಟೇ ಉಬ್ಬತೈತಿ,
ಇದರ ಕತ್ತು ಬಾಗಿಲ್ಲ.
ಬ್ಯಾಸಗಿ ಪೂರ್ತಿ ನೀರಿನ ಮಣ್ಣಿನ ಕೊಡದ ಪಕ್ಕ ಮಲಗಿಸ್ತಿದ್ದೆ.
‘ಬಾಣಂತ್ಯಾಗ ನನ್ನೂ ಹಿಂಗ ನೋಡ್ಲಿಲ್ಲ’
ಅಂತಿದ್ಲು ಮನಿಯಾಕಿ.

ತಿರುವಿ ನೋಡು. ಹಾಂ, ಅದಾ ಗೀರು.
ಸಿಕ್ತಲ್ಲ ನಿನಗ, ರೇಟು ಇಳಿಸಾಕ.

ನನ್ನ ಕೈಯಾರೆ ಹೊಲಿದ ಮೊದಲ ಜೀನ್ಸು,
ಹಿತ್ತಾಳಿ ಗುಂಡಿ ಬಡದು
ಹಾಕ್ಕೊಂಡು ಹೋಗಿದ್ದೆ ಮೋತಿ ಸರ್ಕಲ್ ಗಣಪತಿ ಪೆಂಡಾಲಿಗೆ.
ಎರಡನೇ ಹಾಡಿಗೆ ಕರೆಂಟ್ ಹೋತು.
ಮಂದಿ ಸಿಳ್ಳಿ ಹೊಡೀಲಿಲ್ಲ, ನಾ ನಿಲ್ಲಿಸಲಿಲ್ಲ.
ಕರೆಂಟಿಲ್ಲದ ತಂತಿ,
ಸೊಳ್ಳಿಯಷ್ಟು ದನಿ,
ಮುಂದಿನ ಸಾಲಿನ ಹುಡುಗರು ಕಿವಿ ಚಾಚಿ
ಸ್ಟೇಜಿಗೆ ಗದ್ದ ಊರಿದ್ರು.
ನನಗೂ ಕೇಳ್ಲಿ ಅಂತ ಹೊಟ್ಟಿಗೆ ಅವಚಿ ಹಿಡಿದೆ.
ಆಗ ಬಿತ್ತು.
ಕರೆಂಟ್ ಬಂದಮ್ಯಾಲೆ ಬಾರಿಸಿದ್ದು
ಯಾವ್ದೂ ನೆನಪಿಲ್ಲ.

ಫೋನಿನಾಗ ನಲವತ್ತೈದು ಅಂದಿದ್ದೆ, ಅಷ್ಟೇ.
ಪೆಟ್ಟಿಗಿ ಪುಕ್ಕಟ. ಬಾರಿಸಿ ನೋಡು ಬೇಕಾದ್ರ,
ಆಂಪ್ಲಿಫೈಯರ್ ಹಚ್ಚಬ್ಯಾಡ, ಹಂಗಾ.

ಪಾಲಿಶ್‌ನವನ ಹತ್ರ ಒಯ್ಯೋದಿದ್ರ
ಈಗಲೇ ಹೇಳು,
ಇನ್ನ ಮೂವತ್ತು ಪ್ಯಾಂಟು ಬಾಕಿ ಅದಾವು,
ಮಷಿನ್ ಹಚ್ಚತೀನಿ.