ಷರಾ

ಲಸಿಕೆಯ ಡಬ್ಬಿಯಲ್ಲಿ ಕಲ್ಲು ಹೊತ್ತು ತಂದವಳು ನಾನು.
ಮೂವತ್ತೊಂದು ವರ್ಷ ಕುಡತಿನಿಯ ಸುತ್ತಮುತ್ತ
ಹನಿ ಹಾಕಿ, ಸೂಜಿ ಚುಚ್ಚಿ
ಸಂಜೆ ವಾಪಸಾಗುವಾಗ ಐಸು ಕರಗಿ ಡಬ್ಬಿ ಖಾಲಿ.
ಬರಿಗೈಲಿ ಮನೆಗೆ ಬರಬಾರದೆಂದು
ಅವ್ವ ಕಲಿಸಿದ್ದಳು.

ಮಳೆ ತೊಳೆದ ಮಾರನೆ ದಿನ
ಬೂದಿದಿಬ್ಬದ ಬದಿಗೆ ಮೇಲೆದ್ದು ಕೂತಿರುತ್ತಿದ್ದವು:
ಅಂಗೈಗೆ ಹೇಳಿ ಮಾಡಿಸಿದಂಥ ಕಲ್ಲುಗೊಡಲಿ,
ಉಗುರಿನಷ್ಟು ಅಲಗು,
ತಾಳಿಯ ಕರಿಮಣಿಗಿಂತ ಸಣ್ಣ ಮಣಿ.
ರಾಕ್ಷಸನನ್ನು ಸುಟ್ಟ ಬೂದಿ ಅದು, ಮುಟ್ಟಬ್ಯಾಡ ಸಿಸ್ಟರಮ್ಮ,
ಅನ್ನುತ್ತಿದ್ದರು.
ಬೂದಿಗೆ ಹೆದರುವವಳೇ?
ಥರ್ಮಲ್ಲಿನ ಬೂದಿ ದಿನವೂ
ನನ್ನ ಬಿಳಿ ಸೀರೆಯ ಮೇಲೆ ಇಳಿಯುತ್ತಿತ್ತು.

ಬಿಸ್ಕೀಟು ಡಬ್ಬಿ ತುಂಬಿತು. ಆಮೇಲೆ ಟ್ರಂಕು.
ಹೊಸಪೇಟೆಯವನೊಬ್ಬ ಕೊಡಲಿಗೆ ಮುನ್ನೂರು ಅಂದ.
ಕೊಡಲಿಲ್ಲ. ಅಷ್ಟಕ್ಕೇ
ಒಳ್ಳೆಯವಳೆಂದುಕೊಂಡೆ.

ನಿವೃತ್ತಿಯ ಮರುವರ್ಷ ಮ್ಯೂಸಿಯಮ್ಮಿನ ಹುಡುಗಿ ಬಂದಳು, ಮುಬೀನಾ.
ಹಳೆ ಪೇಪರು ಹಾಸಿ, ಒಂದೊಂದನ್ನೇ
ಕೂಸು ಮಲಗಿಸಿದಂತೆ ಇಳಿಸಿದಳು.
ಹೊಗಳಲಿಲ್ಲ. ಪೆನ್ನು ತೆರೆದು ಕೇಳಿದಳು:
ಇದು ಎಲ್ಲಿ ಸಿಕ್ಕಿತು, ಆಂಟಿ?

ದಿಬ್ಬದ ಹತ್ತಿರ.

ಯಾವ ಬದಿ? ಎಷ್ಟು ಆಳ? ಮಗ್ಗುಲಲ್ಲಿ ಏನಿತ್ತು?

ಯಾವ ಕೂಸಿಗೆ, ಯಾವ ತೊಡೆಗೆ, ಯಾವ ತಾರೀಖು,
ಬಾಟಲಿ ನಂಬರು ಸಮೇತ ಬರೆದವಳು ನಾನು;
ಗುಳೆ ಹೋದವರ ಕೂಸನ್ನೂ
ಷರಾ ಕಾಲಮ್ಮಿನಲ್ಲಿ ಹಿಡಿದಿಟ್ಟವಳು.
ನೂರಾ ಹದಿನೇಳು ಕಲ್ಲು.
ಒಂದಕ್ಕೂ ಮನೆ ನಂಬರಿಲ್ಲ.

ಅವಳು ಬೈದಿದ್ದರೆ ಹಗುರಾಗುತ್ತಿತ್ತು.
ರಸೀದಿ ಬರೆದಳು. ಸಿಕ್ಕ ಜಾಗ: ತಿಳಿಯದು.
ನೂರಾ ಹದಿನೇಳು ಸಲ ತಿಳಿಯದು.
ಟ್ರಂಕು ಜೀಪು ಹತ್ತಿತು.

ಮೊನ್ನೆ ಗಾದಿಲಿಂಗ, ಕುರಿ ಕಾಯುವ ಹುಡುಗ
(ಎಡತೋಳಿನ ಆ ಕಲೆ ನನ್ನದೇ ಸೂಜಿಯದು)
ಓಡಿ ಬಂದ: ಸಿಸ್ಟರಮ್ಮ, ಒಂದು ಕಾಣಕತ್ತೈತಿ.
ಬೂದಿಯ ಗೀರಿನಲ್ಲಿ ಅರ್ಧ ಮುಖ ತೋರಿಸಿ
ಕೂತಿತ್ತು, ನುಣ್ಣಗೆ.
ಕೈ ತಾನೇ ಮುಂದೆ ಹೋಯಿತು, ಹಳೆ ಚಾಳಿ.
ಅವನೂ ಚಾಚಿದ್ದ. ಅವನ ಮಣಿಕಟ್ಟು ಹಿಡಿದೆ,
ನನ್ನದನ್ನು ಹಿಡಿಯುವವರಿಲ್ಲದೆ
ಸೆರಗಿನಲ್ಲಿ ಸುತ್ತಿಕೊಂಡೆ.

ಅವನ ಮೊಬೈಲಿನಲ್ಲಿ ಫೋಟೊ. ನನ್ನ ಹಳೆ ವಹಿಯಲ್ಲಿ:
ದಕ್ಷಿಣ ಬದಿ. ಜಾಲಿಗಿಡದಿಂದ ಹದಿನಾಲ್ಕು ಹೆಜ್ಜೆ.
ಮೇಲಿಂದ ಎರಡು ಗೇಣು. ಮಗ್ಗುಲಲ್ಲಿ ದನದ ಹಲ್ಲು ಒಂದು.
ನೋಡಿದವರು: ಗಾದಿಲಿಂಗ, ಆರನೇ ಇಯತ್ತೆ.
ಮುಬೀನಾಗೆ ಫೋನು ಮಾಡಿದ್ದೇನೆ.
ಷರಾ: ಮುಟ್ಟಿಲ್ಲ. ಮನೆಯಲ್ಲೇ ಇದೆ.