ಅರ್ಧ ಕಲ್ಲು

"ಇದು ಕತ್ತಿಯಲ್ಲ ಮೋಳೇ, ಚಮಚ"
ಅಂದಿದ್ದರು ಪೋಕರ್ ಕಾಕ, ಹದಿಮೂರು ವರ್ಷದ ಹಿಂದೆ,
ಗೋಣಿಕೊಪ್ಪದ ಮೀನು ಮಾರ್ಕೆಟ್ಟಿನ ಕಟ್ಟೆಯ ಮೇಲೆ
ನನ್ನ ಈರುಳ್ಳಿ ಕತ್ತಿಯ ಬಾಯಿಗೆ
ಹೆಬ್ಬೆರಳು ಅಡ್ಡ ಸವರಿ.

ನಾನು ಆಗಷ್ಟೇ ಊಟದ ಅಂಗಡಿ ಇಟ್ಟಿದ್ದೆ.
ಎರಡು ಬೆಂಚು, ಒಂದು ಒಲೆ, ನಾಲ್ಕು ಮೊಂಡು ಕತ್ತಿ.
ಮೈಸೂರಿನಿಂದ ತಂದ ನುಣುಪು ಕಲ್ಲೊಂದಿತ್ತು,
ಸಾಬೂನಿನಂಥದ್ದು.
ದಿನಾ ಬೆಳಿಗ್ಗೆ ಅದರ ಮೇಲೆ ಕತ್ತಿಯನ್ನು
ಕೂಸಿನ ಬೆನ್ನು ಸವರಿದ ಹಾಗೆ ಸವರುತ್ತಿದ್ದೆ.
ಹೊಳೆಯುತ್ತಿತ್ತು.
ಟೊಮೆಟೊ ಮೇಲೆ ಜಾರುತ್ತಿತ್ತು.

ಕಾಕ ಒಳಗಿನಿಂದ ತಂದದ್ದು ಕಪ್ಪು ಕಲ್ಲು,
ಇಟ್ಟಿಗೆಯಷ್ಟು ಉದ್ದ, ಮುಟ್ಟಿದರೆ ಉಗುರು ಸವೆಯುವಷ್ಟು ಒರಟು.
ಕೊಡುವ ಮುಂಚೆ ಒಂದು ಗಳಿಗೆ ನಿಂತರು.
ನನ್ನ ಬೋರ್ಡಿನ ಕಡೆ ನೋಡಿದರು:
ಪಂದಿಕರಿ, ಕಡಂಬುಟ್ಟು, ಊಟ ತಯಾರಿದೆ.
ಕಲ್ಲನ್ನು ಮೆಟ್ಟಿಲ ಅಂಚಿಗಿಟ್ಟು
ತಕ್ಕಡಿಯ ಎರಡು ಕಿಲೋ ಬಟ್ಟಿನಿಂದ ಒಂದೇ ಏಟು.
"ಈ ಅರ್ಧ ನಿನಗೆ, ಈ ಅರ್ಧ ನನಗೆ.
ಕತ್ತಿಗೆ ಅರ್ಧ ಕಲ್ಲು ಸಾಕು."
ಬೇರೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಕಲಿಸಿದರು, ತಮ್ಮ ಕತ್ತಿಯಲ್ಲಿ, ತಮ್ಮ ಅರ್ಧದ ಮೇಲೆ:
ಮೊದಲು ನೀರು ಕುಡಿಸು, ಗುಳ್ಳೆ ನಿಲ್ಲುವ ತನಕ.
ಬೆನ್ನು ಎತ್ತಿ ಹಿಡಿ, ಕೆಳಗೆ ಎರಡು ನಾಣ್ಯ ತೂರುವಷ್ಟು.
ಮುಂದಕ್ಕೆ ಒತ್ತು, ವಾಪಸು ಬರುವಾಗ ಸುಮ್ಮನೆ ಬಾ.
ಆಚೆ ಬದಿಯಲ್ಲಿ ಕಬ್ಬಿಣ ಎದ್ದು
ಬೆಕ್ಕು ನೆಕ್ಕಿದ ಹಾಗೆ ಬೆರಳಿಗೆ ತರಿತರಿ ಸಿಗಬೇಕು,
ಸಿಗುವ ತನಕ ಬದಿ ತಿರುಗಿಸಬೇಡ.
"ನುಣುಪು ಕಲ್ಲು ಚೂಪಾದ್ದನ್ನ ಇನ್ನೂ ಚೂಪು ಮಾಡ್ತದೆ, ಅಷ್ಟೇ.
ಮೊಂಡಿಗೆ ಒರಟೇ ಆಗಬೇಕು."

ಕರ್‌ರ್, ಕರ್‌ರ್, ದಿನಾ ಮೊದಲ ಬಸ್ಸಿಗೆ ಮುಂಚೆ.
ಹಂದಿ ಕತ್ತಿ, ಕಳಲೆ ಕತ್ತಿ, ಹಲಸಿನ ಅಂಟು ಬಿಡದ ಕತ್ತಿ.
ಅಂಗೈಯಗಲ ಇದ್ದ ಹಂದಿ ಕತ್ತಿ ಈಗ ಮತ್ತಿ ಮೀನಿನಷ್ಟು.
ಉಳಿದ ಕಬ್ಬಿಣ ಎಲ್ಲಿ ಹೋಯಿತೆಂದು ಯಾರೂ ಕೇಳಿಲ್ಲ.
ತಿಂದವರು ಕಾಸು ಕೊಟ್ಟು ಹೋಗಿದ್ದಾರೆ:
ಬಸ್ ಕಂಡಕ್ಟರುಗಳು, ತೋಟದ ರೈಟರುಗಳು,
ಕೈಲ್ ಮುಹೂರ್ತದ ಮಾರನೇ ದಿನ
ಮನೆಯಲ್ಲಿ ಕೋವಿಗೆ ಹೂವಿಟ್ಟು ಬಂದವರು.
ನನ್ನ ಕತ್ತಿಗಳಿಗೆ ಹೂವಿಲ್ಲ. ಈರುಳ್ಳಿ ಇದೆ.

ಈ ವರ್ಷ ನನ್ನ ಅರ್ಧ
ನಡು ತಗ್ಗಿ ತಟ್ಟೆಯಾಯಿತು.
ಅಲಗು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ.
ಕಾಕನ ಅರ್ಧವೂ ಹಾಗೇ.
ತಗ್ಗಿದ ಕಲ್ಲನ್ನು ಸಮ ಮಾಡಲು ಇನ್ನೊಂದು ಕಲ್ಲು ಬೇಕು,
ಅಷ್ಟೇ ಒರಟಿನದು.
ಇಬ್ಬರಿಗೂ ಗೊತ್ತಿತ್ತು.
ಎರಡು ವಾರ ನಾವು
ಮಳೆ ಬಗ್ಗೆ, ಮತ್ತಿ ರೇಟಿನ ಬಗ್ಗೆ ಮಾತಾಡಿದೆವು.

ಒಂದು ಸೋಮವಾರ, ಮಾರ್ಕೆಟ್ ಖಾಲಿಯಿದ್ದಾಗ,
ಕಾಕ ಬಕೆಟ್ ನೀರು ಹೊತ್ತು ಹಿಂಬಾಗಿಲಿಗೆ ಬಂದರು.
"ತೊಳಿ. ಏಳು ಸಲ. ಮೊದಲ ಸಲ ಮಣ್ಣು ಹಾಕಿ."
ಬೇಲಿಬುಡದ ಕೆಂಪು ಮಣ್ಣು ಹಾಕಿ ತಿಕ್ಕಿದೆ.
ಅವರು ಬೆರಳು ಮಡಚಿ ಎಣಿಸಿದರು.
ನಡುವೆ ಲೆಕ್ಕ ತಪ್ಪಿತು,
ನಾನು ಆರು ಅಂದೆ, ಅವರು ಐದು ಅಂದರು,
ಹಾಗಾಗಿ ಎಂಟಾಯಿತು.

ಆಮೇಲೆ ಮೆಟ್ಟಿಲ ಮೇಲೆ ಎದುರುಬದುರು ಕೂತು
ಕಲ್ಲಿಗೆ ಕಲ್ಲು.
ಹಲ್ಲು ಜುಮ್ಮೆನ್ನುವ ಸದ್ದಿಗೆ ಬೀದಿ ನಾಯಿ ಎದ್ದುಹೋಯಿತು.
ಮೊದಮೊದಲು ಅಂಚು ಮಾತ್ರ ತಾಗುತ್ತಿತ್ತು,
ನಡುವೆ ನೀರು ನಿಂತಿರುತ್ತಿತ್ತು.
ತಿಕ್ಕಿದಷ್ಟೂ ಆ ನೀರಿನ ಜಾಗ ಕಿರಿದಾಗಿ
ಬೂದು ಹಾಲಾಗಿ ಚರಂಡಿಗಿಳಿದು
ಕೊನೆಗೆ ಎರಡೂ ಒಂದನ್ನೊಂದು ಕಚ್ಚಿ ಹಿಡಿದವು.
ಬಿಡಿಸಲು ಇಬ್ಬರೂ ಎಳೆಯಬೇಕಾಯಿತು.

ಕಾಕ ತಮ್ಮದನ್ನು ಲುಂಗಿಗೆ ಒರೆಸಿ ಎತ್ತಿಕೊಂಡರು.
ಚಹಾ ಅಂದೆ.
"ನಿನ್ನ ಲೋಟ ಬೇಡ. ಬೇಕರಿಯಿಂದ ತರಿಸು, ಸಕ್ಕರೆ ಕಮ್ಮಿ."
ತರಿಸಿದೆ.

ಮಾರನೇ ದಿನ ಒಂದು ಮದುವೆ ಆರ್ಡರು.
ಹದಿನೆಂಟು ಕಿಲೋ ಈರುಳ್ಳಿ ಹೆಚ್ಚಿದೆ.
ಕಣ್ಣು ಅಷ್ಟೇನೂ ಉರಿಯಲಿಲ್ಲ.